ಕೋಣೆಯ ನೆಲಕ್ಕೆ ಮಟ್ಟವಾದ ಸಿಮೆಂಟ್ ಗಾರೆ: ನೀವೇ ಹಾಕಿಕೊಳ್ಳುವ ರೀತಿ

ತಿಪಟೂರಿನ ನಮ್ಮ ಮನೆಯ ಹಿಂದೆ ಒಂದು ಕೋಣೆ ಇದೆ. 10 ಅಡಿ ಅಗಲ, 12 ಅಡಿ ಉದ್ದ. ಮೊದಲು ಅಲ್ಲಿ ತೆಂಗಿನಕಾಯಿ ತುಂಬುತ್ತಿದ್ದೆವು, ಆಮೇಲೆ ಮಲಗುವ ಕೋಣೆ ಮಾಡಿಕೊಂಡೆವು. ನೆಲಕ್ಕೆ ಇದ್ದದ್ದು ಬರೀ ಕಾಂಕ್ರೀಟ್ ಬೆಡ್, ಅದೂ ಏರುಪೇರು. ಕಬ್ಬಿಣದ ಬೀರು ಇಟ್ಟರೆ ಅದರ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟು ಎಷ್ಟು ದಿನ ಅಂತ ತಳ್ಳುವುದು? ಕೊನೆಗೆ ಸಿಮೆಂಟು, ಮರಳು ತರಿಸಿ ನಾನೇ ಗಾರೆ ಹಾಕಿದೆ.

ಅದು ನನ್ನ ಮೊದಲ ನೆಲವಲ್ಲ. ಅದಕ್ಕೆ ಮುಂಚೆ ಸೌದೆ ಇಡುವ ಶೆಡ್ಡಿನಲ್ಲಿ ಒಂದು ಸಲ ಹಾಕಿ ಕೆಡಿಸಿದ್ದೆ. ಕಲಸುವಾಗ ನೀರು ಜಾಸ್ತಿ ಮಾಡಿದ್ದೆ. ಗುರುತು ಹಾಕಿಕೊಳ್ಳದೆ ಕಣ್ಣಂದಾಜಿನಲ್ಲೇ ಎಳೆದಿದ್ದೆ. ಎರಡು ತಿಂಗಳಲ್ಲಿ ಮೇಲ್ಪದರ ಪುಡಿಯಾಗತೊಡಗಿತು. "ಗುಡಿಸಿದಷ್ಟೂ ಪುಡಿ ಬರ್ತೈತಲ್ಲೋ" ಅಂತ ಅಮ್ಮ ದಿನಾ ಬೆಳಿಗ್ಗೆ ಹೇಳುತ್ತಿದ್ದರು. ಆ ನೆಲ ನೋಡಲು ಬಂದ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರು ಅದರ ಮೇಲೆ ಒಂದು ನಿಂಬೆಹಣ್ಣು ಬಿಟ್ಟು, ಅದು ಉರುಳಿಕೊಂಡು ಹೋಗುವುದನ್ನು ನೋಡಿ ಒಂದೇ ಮಾತು ಹೇಳಿದರು. "ಗಾರೆ ಹಾಕೋ ದಿನ ಮಟ್ಟ ಹುಡುಕ್ಬೇಡ ಕಣಪ್ಪ. ಅದು ಹಿಂದಿನ ದಿನಾನೇ ಗೋಡೆ ಮೇಲೆ ಇರ್ಬೇಕು."

ಎರಡನೇ ಸಲ ನಾನು ಮಾಡಿದ್ದು ಅದನ್ನೇ. ಅದೇ ಕ್ರಮದಲ್ಲಿ, ಅದೇ ಕೋಣೆಯ ಅಳತೆ ಇಟ್ಟುಕೊಂಡು ಇಲ್ಲಿ ಹೇಳುತ್ತೇನೆ.

ಶುರು ಮಾಡುವ ಮುಂಚೆ

ನಮ್ಮ ಕಡೆ ಹೆಚ್ಚಿನ ಟೈಲ್ಸ್ ಕೆಲಸದವರು ಹಸಿ ಗಾರೆಯ ಮೇಲೆಯೇ ಟೈಲ್ಸ್ ಕೂರಿಸುತ್ತಾರೆ. ನಿಮ್ಮ ಮನೆಯಲ್ಲೂ ಹಾಗೇ ಮಾಡಿಸುವುದಿದ್ದರೆ ಬೇರೆಯಾಗಿ ಗಾರೆ ಹಾಕುವ ಅಗತ್ಯವೇ ಇಲ್ಲ. ಅಂಟು ಹಚ್ಚಿ ಟೈಲ್ಸ್ ಕೂರಿಸುವುದಿದ್ದರೆ, ವಿನೈಲ್ ಹಾಸುವುದಿದ್ದರೆ, ಅಥವಾ ಸಿಮೆಂಟ್ ನೆಲವನ್ನೇ ಹಾಗೇ ಬಳಸುವುದಿದ್ದರೆ ಈ ಕೆಲಸ ಬೇಕು.

ಮೊದಲ ಸಲಕ್ಕೆ ಒಂದು ಕೋಣೆ ಸಾಕು. ಬಚ್ಚಲುಮನೆಗೆ ಕೈ ಹಾಕಬೇಡಿ. ಅಲ್ಲಿ ಮಟ್ಟ ಅಲ್ಲ, ವಾಟ, ಅಂದರೆ ನೀರು ಹರಿದು ಹೋಗುವ ಇಳಿಜಾರು ಬೇಕು. ನೀರು ಸೋರದ ಹಾಗೆ ವಾಟರ್‌ಪ್ರೂಫಿಂಗ್ ಕೂಡ ಬೇಕು. ಅದು ಬೇರೆಯೇ ಕೆಲಸ.

ದಪ್ಪ ಎಷ್ಟು ಅನ್ನುವುದನ್ನು ಈಗಲೇ ಯೋಚಿಸಿ. ಕೆಳಗಿನ ಕಾಂಕ್ರೀಟಿಗೆ ಕಚ್ಚಿಕೊಳ್ಳುವ ಗಾರೆ ಎಲ್ಲಿಯೂ 1 ಇಂಚಿಗಿಂತ ಕಡಿಮೆ ಆಗಬಾರದು. ನಾನು ಒಂದೂವರೆ ಇಂಚು ಇಟ್ಟುಕೊಳ್ಳುತ್ತೇನೆ. ಅರ್ಧ ಇಂಚು, ಮುಕ್ಕಾಲು ಇಂಚು ಎಳೆದರೆ ಸ್ವಲ್ಪ ದಿನಕ್ಕೇ ಚಕ್ಕೆ ಏಳುತ್ತದೆ. ನೆಲದಿಂದ ತೇವ ಬರುತ್ತದೆ ಅಂತ ಮಧ್ಯೆ ಪ್ಲಾಸ್ಟಿಕ್ ಹಾಳೆ ಹಾಸುವುದಿದ್ದರೆ ಗಾರೆ ಕೆಳಗೆ ಕಚ್ಚಿಕೊಳ್ಳುವುದಿಲ್ಲ. ಆಗ ಎಲ್ಲಾ ಕಡೆಯೂ ಕನಿಷ್ಠ 2 ಇಂಚು ಬೇಕೇ ಬೇಕು.

ಮಹಡಿಯ ಮೇಲಿನ ಕೋಣೆಯಾದರೆ ಭಾರದ ಲೆಕ್ಕ ಹಾಕಿ. 2 ಇಂಚು ದಪ್ಪದ ಗಾರೆ ಒಂದು ಚದರ ಅಡಿಗೆ ಹೆಚ್ಚುಕಡಿಮೆ 10 ಕೆಜಿ ತೂಗುತ್ತದೆ. ನಮ್ಮ ಕೋಣೆ 120 ಚದರ ಅಡಿ. ಅಂದರೆ ಒಂದು ಟನ್ನಿಗೂ ಜಾಸ್ತಿ. ಹಳೆಯ ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ ಕೂರಿಸಿದ್ದು) ಮೇಲೆ, ಮರದ ಅಟ್ಟದ ಮೇಲೆ ಇಷ್ಟು ಭಾರ ಹೇರುವ ಮುಂಚೆ ಎಂಜಿನಿಯರನ್ನು ಕೇಳಿ. ಸುಮ್ನೆ ಧೈರ್ಯ ಮಾಡಬೇಡಿ.

ಬಾಗಿಲನ್ನೂ ನೋಡಿ. ನೆಲ 2 ಇಂಚು ಮೇಲೆ ಬಂದರೆ ಬಾಗಿಲು ತೆರೆಯುತ್ತದೆಯೇ? ಅದರ ಮೇಲೆ ಟೈಲ್ಸ್ ಬಂದರೆ ಇನ್ನೂ ಅರ್ಧ ಇಂಚು ಸೇರಿಸಿ. ಬಾಗಿಲಿನ ಅಡಿ ಹೆರೆಸಬೇಕಾದರೆ ಗಾರೆ ಹಾಕುವ ಮುಂಚೆಯೇ ಬಾಗಿಲು ಕಳಚಿ ಬಡಗಿಯ ಹತ್ತಿರ ಕೊಡಿ. ಬಾಗಿಲು ಇಲ್ಲದಿದ್ದರೆ ಓಡಾಡುವುದಕ್ಕೂ ಸುಲಭ.

ಸಿಮೆಂಟು, ಮರಳು

ಅಳತೆ ಒಂದಕ್ಕೆ ನಾಲ್ಕು. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ಸಿಮೆಂಟು ಜಾಸ್ತಿ ಹಾಕಿದರೆ ಇನ್ನೂ ಗಟ್ಟಿ ಆಗುತ್ತದೆ ಅಂದುಕೊಳ್ಳಬೇಡಿ. ಜಾಸ್ತಿ ಸಿಮೆಂಟು ಒಣಗುವಾಗ ಜಾಸ್ತಿ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಒಂದಕ್ಕೆ ಆರು ಗೋಡೆ ಕಟ್ಟುವುದಕ್ಕೆ ಸರಿ, ನೆಲಕ್ಕೆ ಸಾಲದು.

ಲೆಕ್ಕ ಹೀಗೆ. 10 ಅಡಿ ಅಗಲ, 12 ಅಡಿ ಉದ್ದ, ಸರಾಸರಿ 2 ಇಂಚು ದಪ್ಪ ಅಂದರೆ 20 ಘನ ಅಡಿ ಗಾರೆ. ಒಣ ಸಾಮಾನು ಕಲಸಿ ಬಡಿದಾಗ ತಗ್ಗುತ್ತದೆ. ಅದಕ್ಕೆ ಮೂರನೇ ಒಂದು ಪಾಲಿನಷ್ಟು ಜಾಸ್ತಿ ಹಿಡಿಯಬೇಕು, 26 ಘನ ಅಡಿ ಅನ್ನಿ. ಅದರಲ್ಲಿ ಐದನೇ ಒಂದು ಭಾಗ ಸಿಮೆಂಟು, ಅಂದರೆ 5 ಘನ ಅಡಿ ಚಿಲ್ಲರೆ. 50 ಕೆಜಿ ಚೀಲದಲ್ಲಿ ಒಂದೂಕಾಲು ಘನ ಅಡಿ ಸಿಮೆಂಟು ಇರುತ್ತದೆ. ಹಾಗಾಗಿ ನಾಲ್ಕು ಚೀಲಕ್ಕೆ ಸ್ವಲ್ಪ ಮೇಲೆ ಬೇಕು. 5 ಚೀಲ ತರಿಸಿ. ಮರಳು 25 ಘನ ಅಡಿ ಇದ್ದರೆ ಕೆಲಸದ ಮಧ್ಯೆ ಕೈ ಕಟ್ಟಿ ನಿಲ್ಲುವ ಹಾಗಾಗುವುದಿಲ್ಲ.

ಸಿಮೆಂಟು ಚೀಲದ ಮೇಲೆ ತಯಾರಾದ ವಾರ, ತಿಂಗಳು ಅಚ್ಚು ಹಾಕಿರುತ್ತಾರೆ. ಮೂರು ತಿಂಗಳು ದಾಟಿದ್ದನ್ನು ನೆಲಕ್ಕೆ ಬಳಸಬೇಡಿ. ಚೀಲದೊಳಗೆ ಕೈಯಲ್ಲಿ ಹಿಸುಕಿದರೂ ಪುಡಿಯಾಗದ ಗಂಟು ಕಂಡರೆ ವಾಪಸ್ಸು ಕೊಡಿ. ಅಂಗಡಿಗಳಲ್ಲಿ ಈಗ ಹೆಚ್ಚಾಗಿ ಸಿಗುವುದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟು. ಅದು ನೆಲಕ್ಕೆ ಚೆನ್ನಾಗಿಯೇ ಆಗುತ್ತದೆ, ಆದರೆ ನಿಧಾನವಾಗಿ ಗಟ್ಟಿಯಾಗುತ್ತದೆ. ನೀರು ಹಾಕುವ ದಿನ ಜಾಸ್ತಿ ಬೇಕು.

ಮರಳಿನ ವಿಷಯದಲ್ಲಿ ಎಡವುವವರು ಬಹಳ. ಈಗ ಹೊಳೆ ಮರಳು ಸಿಗುವುದೇ ಕಷ್ಟ, ಎಲ್ಲರೂ ಬಳಸುವುದು ಎಂ ಸ್ಯಾಂಡ್, ಅಂದರೆ ಕ್ರಷರಿನಲ್ಲಿ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು. ಕ್ರಷರಿನಲ್ಲಿ ಎರಡು ಥರ ಕೊಡುತ್ತಾರೆ. ಪಿ ಸ್ಯಾಂಡ್ ಅನ್ನುವುದು ಗೋಡೆಯ ಗಿಲಾಯಿಗೆ, ತುಂಬಾ ನಯ. ಕಾಂಕ್ರೀಟಿಗೆ ಹಾಕುವ ಎಂ ಸ್ಯಾಂಡ್ ತರಿತರಿಯಾಗಿರುತ್ತದೆ. ನೆಲಕ್ಕೆ ಬೇಕಾದ್ದು ಈ ಎರಡನೆಯದು. ಕೈಯಲ್ಲಿ ಹಿಡಿದು ನೋಡಲು ಚಂದ ಕಾಣುತ್ತದೆ ಅಂತ ನಯವಾದದ್ದನ್ನು ತಂದರೆ ನೀರು ಜಾಸ್ತಿ ಕುಡಿಯುತ್ತದೆ, ಆಮೇಲೆ ಕೂದಲೆಳೆ ಬಿರುಕು ಬಿಡುತ್ತದೆ.

ಹೊಳೆ ಮರಳು ಸಿಕ್ಕಿದರೆ ಒಂದು ಗಾಜಿನ ಬಾಟಲಿಯಲ್ಲಿ ಪರೀಕ್ಷೆ ಮಾಡಿ. ಅರ್ಧ ಮರಳು ತುಂಬಿ, ಮೇಲೆ ಉಪ್ಪುನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ ಎರಡು ಮೂರು ಗಂಟೆ ಬಿಡಿ. ಮರಳಿನ ಮೇಲೆ ಮಣ್ಣಿನ ಪದರ ಕೂರುತ್ತದೆ. ಮರಳು 10 ಸೆಂ.ಮೀ. ಇದ್ದು ಮಣ್ಣು 1 ಸೆಂ.ಮೀ. ಹತ್ತಿರ ಬಂದರೆ ಆ ಮರಳು ಬೇಡ, ಇಲ್ಲವೇ ತೊಳೆದು ಬಳಸಿ.

ಉಪಕರಣಗಳಲ್ಲಿ ಹೆಚ್ಚಿನವು ಬಾಡಿಗೆಗೆ, ಕೈಗಡಕ್ಕೆ ಸಿಗುತ್ತವೆ. ಸನಿಕೆ, ಬಾಂಡ್ಲಿ, ಕರಣೆ, ಉಜ್ಜುವ ಮರದ ಹಲಗೆ, ಚಾಣ, ಸುತ್ತಿಗೆ, ತಂತಿ ಬ್ರಷ್, ದಾರ, ರಸಮಟ್ಟ. 6 ಅಡಿ ಉದ್ದದ ಚೌಕ ಅಲ್ಯೂಮಿನಿಯಂ ಪಟ್ಟಿಯನ್ನು ಮಾತ್ರ ನೀವೇ ನೋಡಿ ಆರಿಸಿ. ಒಂದು ತುದಿಯಿಂದ ಕಣ್ಣು ಹಾಯಿಸಿದರೆ ಬಾಗು ಕಾಣುತ್ತದೆ. ಬಾಗಿದ ಪಟ್ಟಿ ಎಳೆದರೆ ನೆಲವೂ ಹಾಗೇ ಬರುತ್ತದೆ. ಜೊತೆಗೆ 30 ಅಡಿ ಉದ್ದದ ಸಣ್ಣ ಪಾರದರ್ಶಕ ಪೈಪು ಬೇಕು. ಬೆರಳಿಗಿಂತ ತೆಳ್ಳಗಿದ್ದರೆ ಸಾಕು.

ಕೈಗೆ ರಬ್ಬರ್ ಗ್ಲೌಸ್, ಕಾಲಿಗೆ ಗಂಬೂಟು ಹಾಕಿಕೊಳ್ಳಲೇಬೇಕು. ಬರಿಗಾಲಲ್ಲಿ ಗಾರೆ ತುಳಿಯುವವರನ್ನು ನಾವೆಲ್ಲ ನೋಡಿದ್ದೇವೆ, ಅವರ ಪಾದ ಒಡೆದು ರಕ್ತ ಬರುವುದನ್ನೂ ನೋಡಿದ್ದೇವೆ. ಹಸಿ ಸಿಮೆಂಟು ಸುಣ್ಣದ ಹಾಗೆ ಚರ್ಮ ಸುಡುತ್ತದೆ. ಸುಟ್ಟದ್ದು ಆಗಲೇ ಗೊತ್ತಾಗುವುದಿಲ್ಲ, ರಾತ್ರಿ ಉರಿ ಶುರುವಾಗುತ್ತದೆ. ಮೊಣಕಾಲೂರಿ ಕೂರುವಾಗ ಪ್ಯಾಂಟು ಒದ್ದೆಯಾದರೆ ಬದಲಾಯಿಸಿ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರು ಬಿಟ್ಟು ತೊಳೆದು ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಹಳೇ ನೆಲ

ಸುತ್ತಿಗೆಯಿಂದ ಅಡಿಗೊಂದು ಏಟು ಮೆಲ್ಲಗೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಒಡೆದು ತೆಗೆಯಿರಿ. ಕಾಂಕ್ರೀಟು ನುಣ್ಣಗಿದ್ದರೆ ಚಾಣದಿಂದ ಕಚ್ಚು ಹಾಕಿ, ಎರಡು ಮೂರು ಇಂಚಿಗೊಂದು. ಎಣ್ಣೆ, ಬಣ್ಣ, ಸಗಣಿ ಸಾರಿಸಿದ ಪದರ ಏನೂ ಉಳಿಯಬಾರದು. ನಮ್ಮ ಕೋಣೆಯಲ್ಲಿ ಕೊಬ್ಬರಿಯ ಎಣ್ಣೆ ಇಳಿದ ಜಾಗ ಎರಡು ಅಡಿಯಷ್ಟಿತ್ತು. ಸೋಪಿನಪುಡಿ ಹಾಕಿ ಎಷ್ಟು ಉಜ್ಜಿದರೂ ನೀರು ಹನಿಯಾಗಿಯೇ ನಿಲ್ಲುತ್ತಿತ್ತು. ಅಷ್ಟನ್ನೂ ಅರ್ಧ ಇಂಚು ಕೆತ್ತಿ ತೆಗೆಯಬೇಕಾಯಿತು.

ಆಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿ, ಗುಡಿಸಿ, ತೊಳೆಯಿರಿ. ಧೂಳಿನ ಮೇಲೆ ಗಾರೆ ಕಚ್ಚುವುದಿಲ್ಲ. ವೈರಿನ ಪೈಪು, ನೀರಿನ ಪೈಪು ನೆಲದಲ್ಲಿ ಹೋಗುವುದಿದ್ದರೆ ಈಗಲೇ ಕೂರಿಸಿ. ಪೈಪಿನ ಮೇಲೆ ಕನಿಷ್ಠ 1 ಇಂಚು ಗಾರೆ ಬರುವ ಹಾಗಿರಲಿ, ಇಲ್ಲದಿದ್ದರೆ ಅದರ ಗುಂಟ ಗೆರೆ ಎಳೆದಂತೆ ಬಿರುಕು ಬರುತ್ತದೆ.

ಮಟ್ಟದ ಗುರುತು

ಇದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ನನ್ನ ಅನುಭವದಲ್ಲಿ ಇಡೀ ಕೆಲಸ ನಿಂತಿರುವುದು ಇಲ್ಲಿಯೇ.

ಪೈಪಿಗೆ ನೀರು ತುಂಬಿ. ಬಕೆಟ್ಟನ್ನು ಎತ್ತರದಲ್ಲಿಟ್ಟು ಬಾಯಲ್ಲಿ ಎಳೆದರೆ ನೀರು ನಿಧಾನವಾಗಿ ತುಂಬುತ್ತದೆ. ನಲ್ಲಿಗೆ ನೇರವಾಗಿ ಹಿಡಿದರೆ ಗಾಳಿಗುಳ್ಳೆ ಸೇರುತ್ತದೆ. ಒಂದೇ ಒಂದು ಗುಳ್ಳೆ ಇದ್ದರೂ ಮಟ್ಟ ತಪ್ಪು ತೋರಿಸುತ್ತದೆ. ತುಂಬಿದ ಮೇಲೆ ಎರಡೂ ತುದಿಯನ್ನು ಅಕ್ಕಪಕ್ಕ ಹಿಡಿದು ನೋಡಿ. ನೀರು ಒಂದೇ ಎತ್ತರದಲ್ಲಿ ನಿಂತರೆ ಪೈಪು ಸರಿ ಇದೆ. ಬಿಸಿಲಲ್ಲಿ ಪೈಪು ಬಿಡಬೇಡಿ. ಒಂದು ಕಡೆಯ ನೀರು ಕಾದರೂ ಮಟ್ಟ ವ್ಯತ್ಯಾಸ ಆಗುತ್ತದೆ.

ಬಾಗಿಲಿನ ಪಕ್ಕದ ಗೋಡೆಯಲ್ಲಿ ನೆಲದಿಂದ ಸುಮಾರು 3 ಅಡಿ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿ. ಪೈಪಿನ ಒಂದು ತುದಿಯನ್ನು ಅಲ್ಲಿ ಒಬ್ಬರು ಹಿಡಿಯಲಿ. ಇನ್ನೊಂದು ತುದಿಯನ್ನು ನೀವು ಒಂದೊಂದು ಮೂಲೆಗೆ ಒಯ್ದು, ಅಲ್ಲಿನವರು "ಸರಿ" ಅಂದ ಮೇಲೆ, ನೀರು ಅಲ್ಲಾಡದೆ ನಿಂತ ಮೇಲೆ ಗೀಟು ಹಾಕಿ. ಹೊರಡುವಾಗ, ನಡೆಯುವಾಗ ಎರಡೂ ಬಾಯಿಗೆ ಹೆಬ್ಬೆರಳು ಮುಚ್ಚಿರಲಿ. ನಾಲ್ಕೂ ಮೂಲೆ ಆದ ಮೇಲೆ ಮತ್ತೆ ಮೊದಲ ಗೀಟಿಗೇ ಬನ್ನಿ. ಅದಕ್ಕೆ ಸರಿಯಾಗಿ ಕೂತರೆ ನಿಮ್ಮ ಗುರುತು ನಿಜ. ಕೂರದಿದ್ದರೆ ಎಲ್ಲೋ ನೀರು ಚೆಲ್ಲಿದೆ, ಮೊದಲಿಂದ ಮಾಡಿ. ಆಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ಗೋಡೆ ಸುತ್ತ ಗೀಟು ಹೊಡೆಯಿರಿ. ಲೇಸರ್ ಲೆವೆಲ್ ಇದ್ದರೆ ಇದು ಐದು ನಿಮಿಷದ ಕೆಲಸ. ನನಗೆ ನೀರಿನ ಪೈಪಿನ ಮೇಲೆಯೇ ನಂಬಿಕೆ, ಅದಕ್ಕೆ ಬ್ಯಾಟರಿ ಬೇಡ, ಬಿದ್ದರೆ ಕೆಡುವುದೂ ಇಲ್ಲ.

ಈಗ ಆ ಗೀಟಿನಿಂದ ಕೆಳಗೆ ಹಳೇ ನೆಲದವರೆಗೆ ಅಳೆಯಿರಿ. ನಮ್ಮ ಕೋಣೆಯಲ್ಲಿ ಬಾಗಿಲ ಹತ್ತಿರ 38 ಇಂಚು ಬಂತು. ಎಡ ಮೂಲೆಯಲ್ಲಿ 38½, ಬಲ ಮೂಲೆಯಲ್ಲಿ 39, ಬೀರು ಇಡುವ ಮೂಲೆಯಲ್ಲಿ 38¾. ನಡುವೆ ಅಳೆಯಲು ಎದುರುಬದುರು ಗೀಟಿಗೆ ದಾರ ಬಿಗಿದು ನೋಡಿದರೆ 38¼. ಎಲ್ಲಕ್ಕಿಂತ ಚಿಕ್ಕ ಅಳತೆ ಎಲ್ಲಿದೆಯೋ ಅಲ್ಲಿ ನೆಲ ಎಲ್ಲಕ್ಕಿಂತ ಎತ್ತರ ಇದೆ ಅಂತ ಅರ್ಥ. ನಮ್ಮಲ್ಲಿ ಅದು ಬಾಗಿಲ ಹತ್ತಿರ. ಅಲ್ಲಿ ಒಂದೂವರೆ ಇಂಚು ಗಾರೆ ಬರಬೇಕು ಅಂದರೆ ಹೊಸ ನೆಲ ಗೀಟಿನಿಂದ 36½ ಇಂಚು ಕೆಳಗೆ ಬರುತ್ತದೆ. ಆಗ ಬಲ ಮೂಲೆಯಲ್ಲಿ ಗಾರೆ ಎರಡೂವರೆ ಇಂಚು, ನಡುವೆ ಒಂದೂಮುಕ್ಕಾಲು. ಐದೂ ಕಡೆಯ ಸರಾಸರಿ ಸರಿಯಾಗಿ 2 ಇಂಚು. ಸಿಮೆಂಟಿನ ಲೆಕ್ಕ ಹಾಕಿದ್ದು ಇದರಿಂದಲೇ. ಅಂದರೆ ಈ ಅಳತೆ ಮುಗಿಯುವವರೆಗೆ ಸಾಮಾನು ತರಿಸಬೇಡಿ.

ಒಂದು ನೇರವಾದ ರೀಪರನ್ನು (ಮರದ ಪಟ್ಟಿ) 36½ ಇಂಚಿಗೆ ಕತ್ತರಿಸಿ ಇಟ್ಟುಕೊಳ್ಳಿ. ಇನ್ನು ಟೇಪು ಬೇಡ. ಗೀಟಿಗೆ, ದಾರಕ್ಕೆ ಈ ರೀಪರಿನ ತಲೆ ತಾಗಿದರೆ ಅದರ ಬುಡ ಇರುವುದೇ ಹೊಸ ನೆಲ.

ಅದೇ ಸಂಜೆ ಸ್ವಲ್ಪ ಗಾರೆ ಕಲಸಿ ನೆಲದ ಮೇಲೆ ಅಂಗೈಯಷ್ಟು ಗುಡ್ಡೆ ಇಡಿ. ಅದರ ಮೇಲೆ ಟೈಲ್ಸ್ ಚೂರು ಕೂರಿಸಿ ರೀಪರಿನ ಬುಡಕ್ಕೆ ತಾಗುವವರೆಗೆ ಮೆಲ್ಲಗೆ ತಟ್ಟಿ ಇಳಿಸಿ. ಗುಡ್ಡೆ ಇಡುವ ಜಾಗವನ್ನು ಮೊದಲೇ ಒದ್ದೆ ಮಾಡಿ ಸಿಮೆಂಟು ನೀರು ಸವರಿರಬೇಕು. ಗೋಡೆಯಿಂದ ಅರ್ಧ ಅಡಿ ಬಿಟ್ಟು ಮೂರು ಸಾಲು, ಸಾಲಿಗೆ ಮೂರು, ಒಟ್ಟು ಒಂಬತ್ತು. ಒಂದರಿಂದ ಒಂದಕ್ಕೆ ದೂರ ನಿಮ್ಮ 6 ಅಡಿ ಪಟ್ಟಿಗಿಂತ ಕಡಿಮೆ ಇರಬೇಕು, ಅದು ಮುಖ್ಯ. ಎರಡೆರಡು ಗುರುತಿನ ಮೇಲೆ ಪಟ್ಟಿ ಇಟ್ಟು ರಸಮಟ್ಟದಲ್ಲಿ ನೋಡಿ, ಉದ್ದಕ್ಕೂ ಅಡ್ಡಕ್ಕೂ. ಈಗ ತಪ್ಪು ಕಂಡರೆ ಒಂದು ಚೂರು ತೆಗೆದು ಇಟ್ಟರೆ ಆಯಿತು, ನಾಳೆ ಕಂಡರೆ ನೆಲವನ್ನೇ ಒಡೆಯಬೇಕು.

ಮಲಗುವ ಮುಂಚೆ ಹಳೇ ನೆಲಕ್ಕೆ ಧಾರಾಳವಾಗಿ ನೀರು ಹಾಕಿ. ಒಣ ಕಾಂಕ್ರೀಟು ಹೊಸ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಆಗ ಸಿಮೆಂಟಿಗೆ ಗಟ್ಟಿಯಾಗಲು ನೀರೇ ಉಳಿಯುವುದಿಲ್ಲ.

ಕಲಸುವುದು

ಬೆಳಿಗ್ಗೆ ಬೇಗ ಶುರು ಮಾಡಿ. ನೆಲದಲ್ಲಿ ನಿಂತ ನೀರಿದ್ದರೆ ಬಟ್ಟೆಯಲ್ಲಿ ಒರೆಸಿ, ತೇವ ಮಾತ್ರ ಇರಲಿ. ಇಬ್ಬರು ಬೇಕು. ಒಬ್ಬರು ಕಲಸಿ ತರಲು, ಒಬ್ಬರು ಹಾಕಲು. ಬೇಸಿಗೆಯಾದರೆ ಕಿಟಕಿ ಮುಚ್ಚಿ. ಗಾರೆಗೆ ಬಿಸಿಲಿಗಿಂತ ಒಣಗಾಳಿ ದೊಡ್ಡ ಶತ್ರು. ಫ್ಯಾನು ಹಾಕಲೇಬಾರದು.

ಸನಿಕೆ ಲೆಕ್ಕದಲ್ಲಿ ಅಳೆಯಬೇಡಿ. ಒದ್ದೆ ಮರಳು ಸನಿಕೆಯಲ್ಲಿ ಜಾಸ್ತಿ ನಿಲ್ಲುತ್ತದೆ, ಸಿಮೆಂಟು ಜಾರುತ್ತದೆ. ಒಂದು ಚೀಲ ಸಿಮೆಂಟನ್ನು ಬಾಂಡ್ಲಿಗೆ ಸುರಿದು, ಅಂಚಿಗೆ ಸಮ ಎಳೆದು ಎಷ್ಟು ಬಾಂಡ್ಲಿ ಆಗುತ್ತದೆ ಅಂತ ಒಮ್ಮೆ ಎಣಿಸಿಕೊಳ್ಳಿ. ಮರಳು ಅದರ ನಾಲ್ಕರಷ್ಟು, ಅದನ್ನೂ ಅಂಚಿಗೆ ಸಮ ಎಳೆದು. ಮಳೆಯಲ್ಲಿ ನೆನೆದ ಮರಳಿನ ಬಗ್ಗೆ ಒಂದು ಮಾತು. ಸ್ವಲ್ಪ ಒದ್ದೆಯಾದ ಮರಳು ಉಬ್ಬಿಕೊಂಡಿರುತ್ತದೆ, ಕೆಲವು ಸಲ ಕಾಲು ಭಾಗದಷ್ಟು. ಆಗ ನಾಲ್ಕು ಬಾಂಡ್ಲಿ ಅಂತ ಹಾಕಿದ್ದರಲ್ಲಿ ನಿಜಕ್ಕೂ ಇರುವುದು ಮೂರು ಚಿಲ್ಲರೆ. ಅಂಥ ಮರಳಾದರೆ ನಾಲ್ಕಕ್ಕೆ ಮುಕ್ಕಾಲು ಬಾಂಡ್ಲಿ ಸೇರಿಸಿ.

ಒಂದು ಸಲಕ್ಕೆ ಅರ್ಧ ಚೀಲಕ್ಕಿಂತ ಜಾಸ್ತಿ ಕಲಸಬೇಡಿ. ಅರ್ಧ ಚೀಲದ ಗಾರೆ 2 ಇಂಚು ದಪ್ಪಕ್ಕೆ 14 ಚದರ ಅಡಿ ತುಂಬುತ್ತದೆ. ಹೊಸಬರಿಗೆ ಅಷ್ಟೇ ಕೈಗೆ ನಿಲುಕುವುದು. ತಗಡಿನ ಮೇಲೆ ಮರಳು ಹರಡಿ, ಮೇಲೆ ಸಿಮೆಂಟು ಹಾಕಿ, ಒಣಗಿದ್ದಾಗಲೇ ಮೂರು ಸಲ ಮಗುಚಿ. ಬಣ್ಣ ಎಲ್ಲಾ ಕಡೆ ಒಂದೇ ಆಗಬೇಕು, ಬೂದಿ ಬಣ್ಣದ ಗೆರೆ ಎಲ್ಲೂ ಕಾಣಬಾರದು. ಆಮೇಲೆ ನಡುವೆ ಗುಂಡಿ ಮಾಡಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ.

ನಾನು ಮೊದಲ ಸಲ ಸೋತಿದ್ದು ಈ ನೀರಿನಲ್ಲೇ. ಗೋಡೆಗೆ ಹಚ್ಚುವ ಗಾರೆಯ ಹಾಗೆ ಮೆತ್ತಗೆ ಕಲಸಿದರೆ ಎಳೆಯಲು ಸುಲಭ, ಕೈಗೆ ಹಿತ. ಆದರೆ ಹೆಚ್ಚಾದ ನೀರು ಸಿಮೆಂಟನ್ನು ಹೊತ್ತುಕೊಂಡು ಮೇಲೆ ಬರುತ್ತದೆ. ಮೇಲೆ ತೆಳ್ಳಗಿನ ಬಲವಿಲ್ಲದ ಕೆನೆ, ಕೆಳಗೆ ಸಿಮೆಂಟು ಕಮ್ಮಿಯಾದ ಮರಳು. ಆ ಕೆನೆಯೇ ಆಮೇಲೆ ಪುಡಿಯಾಗಿ ಏಳುವುದು. ನೀರು ಆರಿದ ಜಾಗದಲ್ಲಿ ಗಾರೆ ಕುಗ್ಗುತ್ತದೆ, ಬಿರುಕು ಬರುತ್ತದೆ.

ನೆಲದ ಗಾರೆ ರವೆ ಉಂಡೆಯ ಹದಕ್ಕಿರಬೇಕು. ಗ್ಲೌಸ್ ಹಾಕಿದ ಕೈಯಲ್ಲಿ ಒಂದು ಹಿಡಿ ಹಿಸುಕಿ. ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಬರಬಾರದು. ಉಂಡೆಯನ್ನು ಮುರಿದರೆ ಎರಡು ಹೋಳಾಗಬೇಕು. ಪುಡಿಪುಡಿಯಾಗಿ ಉದುರಿದರೆ ಇನ್ನೊಂದು ಚೊಂಬು ನೀರು. ಕೈಗೆ ಅಂಟಿ ಜಾರಿದರೆ ನೀರು ಜಾಸ್ತಿ ಆಗಿದೆ. ಮರಳು ಪೂರ್ತಿ ಒಣಗಿದ್ದರೆ ಅರ್ಧ ಚೀಲಕ್ಕೆ ಹೆಚ್ಚುಕಡಿಮೆ 10 ಲೀಟರ್ ಹಿಡಿಸುತ್ತದೆ. ಒದ್ದೆ ಮರಳಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಅದಕ್ಕೇ ಲೀಟರ್ ಲೆಕ್ಕಕ್ಕಿಂತ ಉಂಡೆಯನ್ನು ನಂಬಿ.

ಕಲಸಿದ್ದನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಹಾಕಿ ಮುಗಿಸಿ. ಬಿಗಿಯಾದ ಗಾರೆಗೆ ಮತ್ತೆ ನೀರು ಹಾಕಿ ಮೆತ್ತಗೆ ಮಾಡಬೇಡಿ. ಅದನ್ನು ಅಂಗಳದ ಗುಂಡಿಗೆ ಹಾಕಿ.

ಹಾಕುವುದು

ಬಾಗಿಲಿಗೆ ದೂರದ ಗೋಡೆಯಿಂದ ಶುರು ಮಾಡಿ ಬಾಗಿಲ ಕಡೆ ಹಿಂದೆ ಹಿಂದೆ ಬನ್ನಿ.

ಮೊದಲು ಸಿಮೆಂಟು ಮತ್ತು ನೀರನ್ನು ತೆಳು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಪೊರಕೆ ಅಥವಾ ಬ್ರಷ್ಷಿನಿಂದ ನೆಲಕ್ಕೆ ಉಜ್ಜಿ. ಕಾಲು ಗಂಟೆಯಲ್ಲಿ ಗಾರೆ ಮುಚ್ಚುವಷ್ಟು ಜಾಗಕ್ಕೆ ಮಾತ್ರ ಹಚ್ಚಿ. ಇಡೀ ಕೋಣೆಗೆ ಒಟ್ಟಿಗೆ ಹಚ್ಚಿದರೆ ಅದು ಒಣಗಿ, ಹಿಡಿಸುವ ಬದಲು ಬಿಡಿಸುವ ಪದರ ಆಗುತ್ತದೆ.

ಒಂದು ಸಾಲಿನ ಗುರುತುಗಳ ಮಧ್ಯೆ ಅರ್ಧ ಅಡಿ ಅಗಲಕ್ಕೆ ಗಾರೆ ಹಾಕಿ, ಬಡಿದು, ಗುರುತಿನ ಮಟ್ಟಕ್ಕೆ ಪಟ್ಟಿಯಲ್ಲಿ ಎಳೆಯಿರಿ. ಅದೇ ರೀತಿ ಪಕ್ಕದ ಸಾಲು. ಈಗ ರೈಲು ಹಳಿಯ ಹಾಗೆ ಎರಡು ದಾರಿ ಸಿಕ್ಕಿದವು. ಮಧ್ಯದ ಜಾಗಕ್ಕೆ ಗಾರೆ ತುಂಬಿ, ಹಳಿಗಿಂತ ಅರ್ಧ ಇಂಚು ಎತ್ತರವಾಗಿಯೇ ಇರಲಿ. ಮರದ ತುಂಡಿನಿಂದ ಚೆನ್ನಾಗಿ ಬಡಿಯಿರಿ. ಈ ಬಡಿಯುವುದನ್ನು ಬಿಟ್ಟುಬಿಡುವವರು ಬಹಳ. ನೀರು ಕಡಿಮೆ ಇರುವ ಗಾರೆ ತಾನಾಗಿ ಕೂರುವುದಿಲ್ಲ, ಬಡಿದರೇ ಒಳಗಿನ ಸಂದು ಮುಚ್ಚುವುದು. ಮೂಲೆ, ಗೋಡೆಯಂಚು ಇನ್ನೂ ನಾಲ್ಕು ಏಟು ಜಾಸ್ತಿ ಕೇಳುತ್ತವೆ. ನಮ್ಮ ಬಲ ಮೂಲೆಯಂತೆ 2 ಇಂಚು ದಾಟಿದ ಕಡೆ ಎರಡು ಪದರ ಮಾಡಿ. ಮೊದಲರ್ಧ ಹಾಕಿ ಬಡಿದು, ಮೇಲ್ಮೈ ಗೀರಿ, ತಕ್ಷಣ ಇನ್ನರ್ಧ.

ಬಡಿದ ಮೇಲೆ ಪಟ್ಟಿಯನ್ನು ಎರಡು ಹಳಿಯ ಮೇಲಿಟ್ಟು ಗರಗಸದ ಹಾಗೆ ಆಚೆ ಈಚೆ ಆಡಿಸುತ್ತಾ ನಿಮ್ಮ ಕಡೆ ಎಳೆಯಿರಿ. ತಗ್ಗು ಕಂಡ ಕಡೆ ಗಾರೆ ಹಾಕಿ, ಬಡಿದು, ಮತ್ತೆ ಎಳೆಯಿರಿ. ಮೂರನೇ ಸಲಕ್ಕೆ ತಗ್ಗು ಉಳಿಯುವುದಿಲ್ಲ. ಟೈಲ್ಸ್ ಚೂರುಗಳನ್ನು ಕಿತ್ತು ಆ ಗುಂಡಿಗೂ ಗಾರೆ ತುಂಬಿಬಿಡಿ. ಇನ್ನೊಂದು ಕಡೆಗೆ ಹೋಗುವ ಮುಂಚೆಯೇ ಹಿಂದಿನದಕ್ಕೆ ಮರದ ಹಲಗೆಯಿಂದ ಸುತ್ತುಸುತ್ತಾಗಿ ಉಜ್ಜಿ. ಹಾಕಿದ ಗಾರೆಯ ಮೇಲೆ ಹೋಗಲೇಬೇಕಾದರೆ 2 ಅಡಿ ಚೌಕದ ಪ್ಲೈವುಡ್ ಹಲಗೆ ಹಾಕಿ ಅದರ ಮೇಲೆ ಮೊಣಕಾಲೂರಿ.

ಟೈಲ್ಸ್ ಬರುವುದಿದ್ದರೆ ಮರದ ಹಲಗೆಯ ತರಿ ಸಾಕು, ಅದರ ಮೇಲೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಸಿಮೆಂಟ್ ನೆಲವೇ ಬೇಕಿದ್ದರೆ ಮೇಲಿನ ನೀರಿನ ಹೊಳಪು ಆರುವವರೆಗೆ ಕಾದು, ಬೆರಳೊತ್ತಿದರೆ ಸಣ್ಣ ಗುರುತು ಮಾತ್ರ ಬೀಳುವಾಗ ಉಕ್ಕಿನ ಕರಣೆಯಿಂದ ಒತ್ತಿ ಎಳೆಯಿರಿ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ. ನೀರು ಬೇಗ ಆರಲಿ ಅಂತ ಒಣ ಸಿಮೆಂಟು ಉದುರಿಸುವುದನ್ನು ನೀವು ನೋಡಿರಬಹುದು. ಆ ದಿನ ನೆಲ ಕನ್ನಡಿಯ ಹಾಗೆ ಕಾಣುತ್ತದೆ, ಆಮೇಲೆ ಜೇಡರ ಬಲೆಯಂಥ ಬಿರುಕು ಬರುತ್ತದೆ. ಮಾಡಬೇಡಿ. ಬರೀ ಸಿಮೆಂಟ್ ನೆಲಕ್ಕೆ ನಾಲ್ಕೈದು ಅಡಿಗೊಂದು ಗಾಜಿನ ಪಟ್ಟಿ ಕೂರಿಸಿ ಭಾಗ ಮಾಡಿದರೆ ಒಳ್ಳೆಯದು. ಕುಗ್ಗುವಾಗ ಬಿರುಕು ಬರುವುದಿದ್ದರೆ ಅಲ್ಲೇ ಬರುತ್ತದೆ. ಕೆಂಪು ಆಕ್ಸೈಡ್ ನೆಲ ಬೇಕು ಅನ್ನುವವರು ಈ ಗಾರೆಯವರೆಗೆ ತಾವೇ ಮಾಡಿಕೊಂಡು, ಮೇಲಿನ ಬಣ್ಣದ ಪದರಕ್ಕೆ ಕೈ ಪಳಗಿದವರನ್ನು ಕರೆಯಿರಿ.

ಇಬ್ಬರು ಸೇರಿದರೆ ಇಷ್ಟು ಕೋಣೆ ಒಂದು ದಿನದಲ್ಲಿ ಮುಗಿಯುತ್ತದೆ. ಕತ್ತಲಾದರೆ, ಸುಸ್ತಾದರೆ ಅಲ್ಲಿಗೇ ನಿಲ್ಲಿಸಿ. ಆದರೆ ಅಂಚನ್ನು ಇಳಿಜಾರಾಗಿ ಬಿಡದೆ ಕರಣೆಯಿಂದ ನೆಟ್ಟಗೆ ಕತ್ತರಿಸಿ. ಮರುದಿನ ಆ ಅಂಚಿಗೆ ಸಿಮೆಂಟು ನೀರು ಬಳಿದು ಮುಂದುವರಿಸಿ.

ನೀರು ಉಣಿಸುವುದು

ಮಾರನೆಯ ದಿನ ಹೆಬ್ಬೆರಳು ಒತ್ತಿದರೂ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ ಒದ್ದೆ ಗೋಣಿಚೀಲ ಹಾಸಿ. ಚೀಲ ಇಲ್ಲದಿದ್ದರೆ ಹುಲ್ಲು ಹರಡಿ ನೀರು ಚಿಮುಕಿಸಿ, ಇಲ್ಲವೇ ನೆಲ ಒದ್ದೆ ಮಾಡಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಕಲ್ಲು ಇಡಿ. ಕನಿಷ್ಠ 7 ದಿನ, ಪಿಪಿಸಿ ಆದರೆ 10 ದಿನ. ದಿನಕ್ಕೆ ಎರಡು ಸಲ ನೀರು ಎರಚಿ ಆಯಿತು ಅಂದುಕೊಳ್ಳಬೇಡಿ. ಮಧ್ಯಾಹ್ನ ಒಣಗಿ ಸಂಜೆ ಒದ್ದೆಯಾಗುವ ನೆಲಕ್ಕೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಚೀಲ ಯಾವಾಗ ಮುಟ್ಟಿದರೂ ತಣ್ಣಗಿರಬೇಕು. ನಮ್ಮನೆಯಲ್ಲಿ ಇದನ್ನು ಅಮ್ಮನೇ ವಹಿಸಿಕೊಂಡರು. ಹಸುವಿಗೆ ನೀರಿಡುವಾಗೆಲ್ಲ ಒಂದು ಬಿಂದಿಗೆ ಆ ಕೋಣೆಗೂ ಹೋಗುತ್ತಿತ್ತು.

ಎರಡು ದಿನ ಯಾರೂ ಕಾಲಿಡಬಾರದು. ನಾಯಿ, ಕೋಳಿ ಒಳಗೆ ಹೋಗದ ಹಾಗೆ ಬಾಗಿಲಿಗೆ ಹಲಗೆ ಅಡ್ಡ ಇಡಿ.

ನೋಡಿಕೊಳ್ಳಬೇಕಾದ್ದು

ಚೀಲ ತೆಗೆದು ನೆಲ ಒಣಗಿದ ಮೇಲೆ 6 ಅಡಿ ಪಟ್ಟಿಯನ್ನು ಹತ್ತು ಕಡೆ ಇಟ್ಟು ನೋಡಿ. ಅದರ ಕೆಳಗೆ ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿ ತೂರಿಸುವಷ್ಟು, ಅಂದರೆ ಸುಮಾರು 3 ಮಿ.ಮೀ. ಸಂದು ಇದ್ದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ತಗ್ಗು ಇದ್ದರೆ ಸೆಲ್ಫ್ ಲೆವೆಲಿಂಗ್ ಪುಡಿ ಕಲಸಿ ಸುರಿದು ಸರಿ ಮಾಡಬಹುದು. ಉಬ್ಬು ಇದ್ದರೆ ಉಜ್ಜುವ ಕಲ್ಲು.

ಸುತ್ತಿಗೆಯಲ್ಲಿ ತಟ್ಟಿದಾಗ ಮೂಲೆಯಲ್ಲಿ ಅಂಗೈಯಗಲ ಟೊಳ್ಳು ಸದ್ದು ಬಂದರೆ, ಬಿರುಕು ಇಲ್ಲದಿದ್ದರೆ, ಸುಮ್ನೆ ಬಿಡಿ. ನಡುವೆ ದೊಡ್ಡದಾಗಿ ಟೊಳ್ಳಿದ್ದರೆ ಅಷ್ಟನ್ನು ಚೌಕವಾಗಿ ಕತ್ತರಿಸಿ ತೆಗೆದು ಮತ್ತೆ ಹಾಕಬೇಕು, ಬೇರೆ ದಾರಿ ಇಲ್ಲ. ಕೂದಲೆಳೆ ಬಿರುಕಿಗೆ ಹೆದರಬೇಡಿ. ಉಗುರು ಹೋಗುವಷ್ಟು ಅಗಲವಾದ ಬಿರುಕನ್ನು ಕೆತ್ತಿ ಸಿಮೆಂಟು ತುಂಬಿ. ಅದು ಮತ್ತೆ ಅಲ್ಲೇ ಬಿಟ್ಟರೆ ಕೆಳಗಿನ ಕಾಂಕ್ರೀಟೇ ಕುಸಿಯುತ್ತಿದೆ ಅಂತ ಅರ್ಥ.

ಇನ್ನು ಒಣಗುವ ಮಾತು. ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ನೀರು ಉಣಿಸುವುದು ನಿಂತ ಮೇಲೆ ಒಂದು ಮಿಲಿಮೀಟರಿಗೆ ಒಂದು ದಿನ ಹಿಡಿಯುತ್ತದೆ ಅಂತ ಲೆಕ್ಕ. 2 ಇಂಚಿಗೆ 50 ದಿನ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನಲ್ಲಿ ಇನ್ನೂ ಜಾಸ್ತಿ. ಟೈಲ್ಸ್ ಕೂರಿಸಲು ಮೂರು ನಾಲ್ಕು ವಾರ ಬಿಟ್ಟರೆ ಸಾಕು. ಮರದ ನೆಲ, ವಿನೈಲ್ ಹಾಸುವುದಿದ್ದರೆ ಮಾತ್ರ ಪೂರ್ತಿ ಒಣಗಲೇಬೇಕು. 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಮರುದಿನ ಹಾಳೆಯ ಕೆಳಗೆ ನೀರಹನಿ ಕಂಡರೆ, ಅಥವಾ ನೆಲದ ಬಣ್ಣ ಅಲ್ಲಿ ಮಾತ್ರ ಕಪ್ಪಾಗಿದ್ದರೆ ಇನ್ನೂ ಕಾಯಿರಿ.

ಮಂಚದಂಥ ಸಾಮಾನನ್ನು ಎರಡು ವಾರಕ್ಕೆ ಒಳಗಿಡಬಹುದು. ಬೀರುವಿನಂಥ ಭಾರದ್ದನ್ನು ನಾನು 28 ದಿನ ಕಳೆದ ಮೇಲೆಯೇ ಒಳಗೆ ತಂದೆ. ಎಳೆಯಬೇಡಿ, ನಾಲ್ಕು ಜನ ಎತ್ತಿ ಇಡಿ. ಕಬ್ಬಿಣದ ಕಾಲು ಹೊಸ ನೆಲದ ಮೇಲೆ ಗೆರೆ ಎಳೆದರೆ ಆ ಗೆರೆ ಹೋಗುವುದಿಲ್ಲ.